ಸ್ಟೇ ಒಳಗಿಂದ ಗಾಳಿ: ಒಂದು ಪ್ರಿಂಟರ್ ಪೇಟೆಂಟ್ ಫೈಲಿನ ಪೂರ್ತಿ ಕಥೆ

ಕಲರ್ ಲೇಸರ್ ಪ್ರಿಂಟರಿನ ಹೊರಗಿನ ಪ್ಲಾಸ್ಟಿಕ್ ಕವರ್ ಎಲ್ಲಾ ಬಿಚ್ಚಿಟ್ರೆ ಒಳಗೆ ಉಳಿಯೋದು ತಗಡಿನ ಒಂದು ಚೌಕಟ್ಟು. ಎಡಕ್ಕೊಂದು ಬಲಕ್ಕೊಂದು ಸೈಡ್ ಪ್ಲೇಟ್, ಅವೆರಡನ್ನ ಸೇರಿಸಿ ಹಿಡಿಯೋ ಅಡ್ಡ ತೊಲೆಗಳು. ಈ ಅಡ್ಡ ತೊಲೆಗೆ ಡಿಸೈನ್ ಮಾಡೋರು ಸ್ಟೇ ಅಂತಾರೆ (ಕೋರ್ಟಲ್ಲಿ ತರೋ ಸ್ಟೇ ಅಲ್ಲ ಮಾರಾಯ್ರೆ). ಲೇಸರ್ ಸ್ಕ್ಯಾನರ್ ಡಬ್ಬ (ಲೇಸರ್ ಕಿರಣದಿಂದ ಚಿತ್ರ ಬರೆಯೋ ಭಾಗ) ಕೂರೋದು ಇದರ ಮೇಲೆ. ಅಲ್ಲಿಂದ ಸ್ವಲ್ಪ ದೂರದಲ್ಲೇ ಫ್ಯೂಸರ್ ಇರುತ್ತೆ, ಟೋನರನ್ನ ಕಾಗದಕ್ಕೆ ಕರಗಿಸಿ ಅಂಟಿಸೋ ಭಾಗ, ಸುಮಾರು 180 ಡಿಗ್ರಿ ಬಿಸಿ. ಟೋನರ್ ಪುಡಿ 60 ಡಿಗ್ರಿ ಆಸುಪಾಸಲ್ಲೇ ಮೆತ್ತಗಾಗೋಕೆ ಶುರು ಮಾಡುತ್ತೆ, ಹಾಗಾಗಿ ಫ್ಯೂಸರ್ ಬಿಸಿ ಕಾರ್ಟ್ರಿಡ್ಜ್ ಕಡೆ ಬರದ ಹಾಗೆ ಮಧ್ಯೆ ಫ್ಯಾನ್ ಇಟ್ಟು ಡಕ್ಟಲ್ಲಿ (ಗಾಳಿ ಕೊಳವೆಯಲ್ಲಿ) ಗಾಳಿ ಹಾಯಿಸೋದು ಹಳೇ ಪದ್ಧತಿ, ಅದು ಯಾರಿಗೂ ಹೊಸದಲ್ಲ.

ಈ ಪ್ರಕರಣದಲ್ಲಿ ಅರ್ಜಿದಾರರು ಕೇಳಿದ್ದು ಏನಂದ್ರೆ, ಸ್ಟೇಯನ್ನೇ ಡಕ್ಟ್ ಮಾಡಿದೀವಿ, ಅದಕ್ಕೆ ಪೇಟೆಂಟ್ ಕೊಡಿ ಅಂತ.

ಮೊದಲೇ ಹೇಳಿಬಿಡ್ತೀನಿ, ಇದು ಒಂದು ಕಂಪನಿಯ ಫೈಲ್ ಅಲ್ಲ, ಹೊಸದಾಗಿ ಪೇಟೆಂಟ್ ಡ್ರಾಫ್ಟಿಂಗ್‌ಗೆ ಬರೋ ಹುಡುಗ್ರಿಗೆ ಪಾಠ ಹೇಳೋಕೆ ಅಂತ ನಾನೇ ಜೋಡಿಸಿರೋ ಫೈಲು. ಅರ್ಜಿದಾರರು, ಡಿ1 ಡಿ2 ಡಿ3 ಅನ್ನೋ ಹಳೇ ದಾಖಲೆಗಳು (ಮುಂಚೆನೇ ಗೊತ್ತಿದ್ದ ಡಿಸೈನುಗಳು), ಹಿಯರಿಂಗು ಎಲ್ಲಾ ಕಟ್ಟಿದ್ದು. ಕಾನೂನು, ನಿಯಮ, ಕೋರ್ಟ್ ತೀರ್ಪು ಮತ್ತೆ ತಗಡಿನ ಲೆಕ್ಕ ಮಾತ್ರ ನಿಜದ್ದೇ. ಇಂಥ ಅರ್ಜಿಗಳು ಬಹುಪಾಲು ಜಪಾನಿಂದ ಬರ್ತವೆ, ಕ್ಯಾನನ್, ರಿಕೋ, ಬ್ರದರ್, ಕ್ಯೋಸೆರಾ ಎಲ್ಲಾ ಅಲ್ಲಿಯವೇ ತಾನೆ, ಹಾಗಾಗಿ ಪಾಠದ ಅರ್ಜಿದಾರರನ್ನೂ ಜಪಾನಿನವರು ಅಂತಾನೇ ಇಟ್ಕೊಂಡಿದೀನಿ. ಏಜೆಂಟ್ ಬೆಂಗಳೂರಿನವರು, ವಿದೇಶಿ ಅರ್ಜಿದಾರರಿಗೆ ಇಲ್ಲಿ ಕೊಟ್ಟಿರೋ ಸರ್ವಿಸ್ ಅಡ್ರೆಸ್ ನೋಡಿ ಆಫೀಸ್ ನಿರ್ಧಾರ ಆಗುತ್ತೆ, ಕರ್ನಾಟಕದ ಅಡ್ರೆಸ್ ಅಂದ್ರೆ ಚೆನ್ನೈ ಪೇಟೆಂಟ್ ಆಫೀಸು.

ಈಗ ಡಿಸೈನಿಗೆ ಬರೋಣ. ಎರಡು ಸ್ಕ್ಯಾನರ್ ಡಬ್ಬ, ಒಂದು ಹಳದಿ ಮತ್ತೆ ಮಜೆಂಟಾಗೆ, ಇನ್ನೊಂದು ಸಯಾನ್ ಮತ್ತೆ ಕಪ್ಪಿಗೆ. ಒಂದೊಂದೂ ಒಂದೊಂದು ಸ್ಟೇ ಮೇಲೆ. ಸಯಾನ್-ಕಪ್ಪಿನ ಡಬ್ಬ ಕೂರೋ ಸ್ಟೇ ಫ್ಯೂಸರ್ ಪಕ್ಕದಲ್ಲಿದೆ. ಆ ಸ್ಟೇ ಮಾತ್ರ ಪೆಟ್ಟಿಗೆ ಆಕಾರದಲ್ಲಿ ಟೊಳ್ಳಾಗಿದೆ, ಎರಡೂ ತುದಿ ಸೈಡ್ ಪ್ಲೇಟಿನ ತೂತುಗಳಿಗೆ ಸರಿಯಾಗಿ ಕೂರುತ್ತೆ, ಒಂದು ಕಡೆಯಿಂದ ಫ್ಯಾನ್ ಹೊರಗಿನ ತಣ್ಣನೆ ಗಾಳಿ ತಳ್ಳುತ್ತೆ, ಇನ್ನೊಂದು ಕಡೆಯಿಂದ ಅದು ಆಚೆ ಹೋಗುತ್ತೆ. ಫ್ಯೂಸರ್ ಕಡೆ ಮುಖ ಮಾಡಿರೋ ಗೋಡೆ ಒಂದು, ಸ್ಕ್ಯಾನರ್ ಕೂರೋ ಗೋಡೆ ಅದರ ಎದುರಿಗೆ, ಮಧ್ಯೆ ಗಾಳಿ. ಫ್ಯೂಸರ್ ಕಡೆ ಗೋಡೆಯ ಒಳಮೈಗೆ ಚಿಕ್ಕ ಚಿಕ್ಕ ತಗಡಿನ ರೆಕ್ಕೆಗಳು ಇರೋ ಪಟ್ಟಿಯೊಂದನ್ನ ಸ್ಪಾಟ್ ವೆಲ್ಡ್ ಮಾಡಿದಾರೆ. ಆ ಗೋಡೆಯಿಂದಲೇ ಕತ್ತರಿಸಿ ಬಗ್ಗಿಸಿದ್ರೆ ಸಸ್ತಾ ಆಗ್ತಿತ್ತು, ಆದ್ರೆ ಬಗ್ಗಿಸಿದ ಜಾಗದಲ್ಲಿ ತೂತು ಉಳಿಯುತ್ತೆ, ಗಾಳಿ ಫ್ಯೂಸರ್ ಮೇಲೆ ಹೊಡೆದು ಅದನ್ನೇ ತಣ್ಣಗೆ ಮಾಡುತ್ತೆ, ಅದಕ್ಕೇ ಬೇರೆ ಪಟ್ಟಿ. ರೆಕ್ಕೆಗಳ ತುದಿ ಎದುರಿನ ಗೋಡೆಗೆ ಮುಟ್ಟಲ್ಲ, ಎರಡು ಮಿಲಿಮೀಟರ್ ಮುಂಚೆ ನಿಲ್ಲುತ್ತೆ. ಈ ಎರಡು ಮಿಲಿಮೀಟರ್ ನೆನಪಿಟ್ಕೊಳ್ಳಿ.

ಅರ್ಜಿ ಹಾಕಿದಾಗ ಕ್ಲೇಮ್ 1ರಲ್ಲಿ (ಕ್ಲೇಮ್ ಅಂದ್ರೆ ಯಾವುದರ ಮೇಲೆ ಹಕ್ಕು ಬೇಕು ಅಂತ ಹೇಳೋ ವಾಕ್ಯ) ಈ ರೆಕ್ಕೆ, ಸಂದು ಯಾವುದೂ ಇರಲಿಲ್ಲ! ಎರಡು ಸೈಡ್ ಪ್ಲೇಟ್, ಒಂದು ಸ್ಟೇ, ಅದರ ಮೇಲೆ ಸ್ಕ್ಯಾನರ್, ಸ್ಟೇ ಒಳಗೆ ಗಾಳಿ ಹಾದಿ, ಒಂದು ಫ್ಯಾನ್, ಅಷ್ಟೇ. ಅಗಲವಾಗಿ ಬಲೆ ಬೀಸೋದು ತಪ್ಪೇನಲ್ಲ, ಎಲ್ಲರೂ ಹಾಗೇ ಮಾಡೋದು, ಆದ್ರೆ ಕೆಳಗಿನ ಡಿಪೆಂಡೆಂಟ್ ಕ್ಲೇಮುಗಳಲ್ಲಾದ್ರೂ (ಮೊದಲನೇದಕ್ಕೆ ಒಂದೊಂದು ಷರತ್ತು ಸೇರಿಸೋ ಕ್ಲೇಮುಗಳು) ಹೆಜ್ಜೆ ಹೆಜ್ಜೆಯಾಗಿ ಇಳಿದು ಬರೋಕೆ ಮೆಟ್ಟಿಲು ಇಟ್ಕೊಂಡಿರಬೇಕು. ಇಲ್ಲಿ ಕ್ಲೇಮ್ 2ರಿಂದ 10ರವರೆಗೆ ಇದ್ದಿದ್ದು ಫ್ಯಾನ್ ಎಡಕ್ಕಿರಬಹುದು, ಬಲಕ್ಕಿರಬಹುದು, ಫಿಲ್ಟರ್ ಇರಬಹುದು, ತಗಡು ಗ್ಯಾಲ್ವನೈಸ್ ಆಗಿರಬಹುದು ಅನ್ನೋ ಥರದ್ದು. ರೆಕ್ಕೆ ತುದಿ ಮುಟ್ಟಲ್ಲ ಅನ್ನೋದರ ಬಗ್ಗೆ ಇದ್ದಿದ್ದು ಅರ್ಜಿಯ ವಿವರಣೆಯಲ್ಲಿ ಒಂದು ಸಾಲು, ಜೊತೆಗೆ ಒಂದು ಚಿತ್ರ. ಕ್ಲೇಮ್ 11ರಿಂದ 13 ಪೂರ್ತಿ ಬೇರೆ ವಿಷಯ, ಪ್ರಿಂಟ್ ಮುಗಿದ ಮೇಲೆ ಫ್ಯಾನ್ ಎಷ್ಟು ಹೊತ್ತು ಯಾವ ಸ್ಪೀಡಲ್ಲಿ ಓಡಬೇಕು ಅನ್ನೋದು. ಹತ್ತಕ್ಕಿಂತ ಜಾಸ್ತಿ ಕ್ಲೇಮ್ ಇದ್ರೆ ದೊಡ್ಡ ಕಂಪನಿಗೆ ಆನ್‌ಲೈನಲ್ಲಿ ಒಂದೊಂದಕ್ಕೆ 1,600 ರೂಪಾಯಿ, ಆ ಮೂರಕ್ಕೆ 4,800 ಸುಮ್ನೆ ಹೋಯ್ತು.

ಪ್ರೊಸೀಜರ್ ಬಗ್ಗೆ ಬೇಗ ಮುಗಿಸ್ತೀನಿ. ಅರ್ಜಿ ಹಾಕಿದ ಮಾತ್ರಕ್ಕೆ ಯಾರೂ ಪರೀಕ್ಷೆ ಮಾಡಲ್ಲ, ಫಾರ್ಮ್ 18 ಹಾಕಿ ಕೇಳ್ಕೋಬೇಕು. ಮೊದಲು ಅದಕ್ಕೆ 48 ತಿಂಗಳು ಟೈಮ್ ಇತ್ತು, 2024ರ ಮಾರ್ಚ್ 15ರಂದು ಬಂದ ತಿದ್ದುಪಡಿ ನಿಯಮಗಳಿಂದ ಹೊಸ ಅರ್ಜಿಗಳಿಗೆ 31 ತಿಂಗಳಾಗಿದೆ. ಆಮೇಲೆ ಬರೋದು ಎಫ್‌ಇಆರ್, ಮೊದಲ ಪರೀಕ್ಷಾ ವರದಿ. ಅದು ಹೊರಟ ತಾರೀಖಿಂದ 6 ತಿಂಗಳೊಳಗೆ ಉತ್ತರ ಕೊಡಬೇಕು, ಬೇಕಂದ್ರೆ ಇನ್ನೂ 3 ತಿಂಗಳು ಕೇಳಬಹುದು, ಅದೂ ದಾಟಿದ್ರೆ ಸಾಮಾನ್ಯವಾಗಿ ಅರ್ಜಿ ಕೈಬಿಟ್ಟ ಹಾಗೇ ಲೆಕ್ಕ. ಬೇರೆ ದೇಶಗಳಲ್ಲಿ ಹಾಕಿರೋ ಅರ್ಜಿಗಳ ವಿವರ ಕೊಡೋ ಫಾರ್ಮ್ 3 ಈಗ ಎಫ್‌ಇಆರ್ ಬಂದ 3 ತಿಂಗಳೊಳಗೆ ಅಪ್‌ಡೇಟ್ ಮಾಡಬೇಕು. ಉತ್ತರಕ್ಕೆ 6 ತಿಂಗಳಿದೆ ಅಂತ ನಿದ್ದೆ ಮಾಡೋರು ಇದನ್ನ ಮರೆತು ಸಿಕ್ಕಾಕೊಳ್ತಾರೆ.

ಎಫ್‌ಇಆರಲ್ಲಿ ಆಕ್ಷೇಪಣೆ ನಾಲ್ಕು. ಒಂದು, ಡಿ1 ಮತ್ತೆ ಡಿ2 ಸೇರಿಸಿ ನೋಡಿದ್ರೆ ಇನ್ವೆಂಟಿವ್ ಸ್ಟೆಪ್ (ಪರಿಣತನಿಗೂ ಸುಲಭವಾಗಿ ಹೊಳೆಯದ ಹೆಜ್ಜೆ) ಇಲ್ಲ, ಪೇಟೆಂಟ್ ಕಾಯ್ದೆಯ ಸೆಕ್ಷನ್ 2(1)(ಜೆಎ). ಎರಡು, ಇದು ಗೊತ್ತಿರೋ ಸಾಮಾನುಗಳ ಬರೀ ಜೋಡಣೆ, ಸೆಕ್ಷನ್ 3(ಎಫ್). ಮೂರು, ಕ್ಲೇಮ್ 11ರಿಂದ 13 ಬೇರೆ ಇನ್ವೆನ್ಷನ್, ಸೆಕ್ಷನ್ 10(5), ಜೊತೆಗೆ ಅವು 3(ಕೆ) ಪ್ರಕಾರ ಪೇಟೆಂಟ್ ಕೊಡಬಾರದ ಆಲ್ಗಾರಿದಮ್ ಥರ ಕಾಣ್ತಿವೆ. ನಾಲ್ಕು, ಕ್ಲೇಮುಗಳಲ್ಲಿ ಚಿತ್ರದ ನಂಬರ್ ಹಾಕಿಲ್ಲ ಅನ್ನೋ ಚಿಲ್ಲರೆ ವಿಷಯ.

ಡಿ1 ಅಂದ್ರೆ ಪೆಟ್ಟಿಗೆ ಆಕಾರದ ಸ್ಟೇ ಮೇಲೆ ಸ್ಕ್ಯಾನರ್ ಕೂರಿಸಿರೋ ಪ್ರಿಂಟರು, ಅಲ್ಲಿ ಫ್ಯೂಸರ್ ಕಡೆ ಒಂದು ಶಾಖ ತಡೆಯೋ ತಗಡು ಇದೆ, ಫ್ಯಾನ್ ಇಲ್ಲ. ಡಿ2ರಲ್ಲಿ ಫ್ಯೂಸರ್ ಮತ್ತೆ ಕಾರ್ಟ್ರಿಡ್ಜ್ ಮಧ್ಯೆ ಪ್ಲಾಸ್ಟಿಕ್ ಡಕ್ಟ್, ಫ್ಯಾನ್ ಗಾಳಿ. ಎಕ್ಸಾಮಿನರ್ ಹುಡುಕಿದ್ದೂ ಸರಿಯಾದ ಜಾಗದಲ್ಲೇ. ಪೇಟೆಂಟ್ ವರ್ಗೀಕರಣದಲ್ಲಿ ಪ್ರಿಂಟರ್ ಚೌಕಟ್ಟಿಗೆ ಬಿ41ಜೆ 29/02 ಅಂತ ಒಂದು ಖಾನೆ, ತಂಪು ಮಾಡೋ ವ್ಯವಸ್ಥೆಗೆ 29/377 ಅಂತ ಬೇರೆ ಖಾನೆ. ಲೇಸರ್ ಮೆಶೀನಿನ ಒಳಗಿನ ಶಾಖ, ತೇವಾಂಶದ ವಿಷಯಕ್ಕೆ ಜಿ03ಜಿ 21/20. ವರ್ಗೀಕರಣವೇ ಹಿಡಿಯೋದನ್ನ ಒಂದು ಕಡೆ, ತಣ್ಣಗೆ ಮಾಡೋದನ್ನ ಇನ್ನೊಂದು ಕಡೆ ಇಟ್ಟಿದೆ, ಎಕ್ಸಾಮಿನರ್ ಅಲ್ಲೊಂದು ಇಲ್ಲೊಂದು ತೆಗೆದು ಜೋಡಿಸಿದ್ರು. ಹಾಕಿದ ಕ್ಲೇಮ್ 1 ನೋಡಿದ್ರೆ ಅವರ ಮಾತು ಸರಿಯಾಗೇ ಇದೆ ಅನ್ನೋದು ನನ್ನ ಅಭಿಪ್ರಾಯ. ಟೊಳ್ಳು ಸ್ಟೇ ಇದೆ, ಗಾಳಿ ಬೇಕು, ಟೊಳ್ಳಿನಲ್ಲೇ ಬಿಡೋಣ ಅಂತ ಯಾವ ಮೆಕ್ಯಾನಿಕಲ್ ಎಂಜಿನಿಯರಿಗೂ ಹೊಳೆಯಬಹುದಾದ್ದೇ.

ಇಲ್ಲಿ ಬಹಳ ಏಜೆಂಟರು ಮಾಡೋದು ಒಂದೇ ಕೆಲಸ, ಹಳೇ ಉತ್ತರದ ಫೈಲ್ ತೆಗೆದು ಆರು ಪುಟ ತೀರ್ಪುಗಳನ್ನ ಪೇಸ್ಟ್ ಮಾಡಿ, ಕೊನೆಗೆ ನಮ್ಮ ಇನ್ವೆನ್ಷನ್ ಅದ್ಭುತ ಸಿನರ್ಜಿ (ಭಾಗಗಳು ಕೂಡಿ ಕೊಡೋ ಹೆಚ್ಚಿನ ಫಲ) ಕೊಡುತ್ತೆ ಅಂತ ಬರೆದು ಕಳಿಸಿಬಿಡೋದು. ಪೇಟೆಂಟ್ ಕೊಡೋದೋ ಬೇಡವೋ ಅಂತ ತೀರ್ಮಾನಿಸೋ ಅಧಿಕಾರಿ, ಅಂದ್ರೆ ಕಂಟ್ರೋಲರ್, ಅದನ್ನ ಓದಿ ಏನ್ ಮಾಡ್ಬೇಕು ಹೇಳಿ? ಸಿನರ್ಜಿ ಇದೆ ಅಂದ್ರೆ ಎಷ್ಟಿದೆ, ಎಲ್ಲಿದೆ ಅಂತ ತೋರಿಸ್ಬೇಕಲ್ವಾ.

3(ಎಫ್) ಏನು ಹೇಳುತ್ತೆ ಅಂದ್ರೆ ಗೊತ್ತಿರೋ ಸಾಧನಗಳನ್ನ ಬರೀ ಜೋಡಿಸಿದ್ರೆ, ಮರುಜೋಡಿಸಿದ್ರೆ, ನಕಲು ಮಾಡಿದ್ರೆ, ಮತ್ತೆ ಪ್ರತಿಯೊಂದೂ ತನ್ನ ಪಾಡಿಗೆ ತಾನು ಗೊತ್ತಿರೋ ರೀತಿಯಲ್ಲೇ ಕೆಲಸ ಮಾಡ್ತಿದ್ರೆ ಅದು ಇನ್ವೆನ್ಷನ್ ಅಲ್ಲ. ಆಕ್ಷೇಪಣೆ ಬರೆಯೋರು ಮೊದಲರ್ಧ ಬರೀತಾರೆ, ಕೊನೆಯ ಷರತ್ತಿನ ಬಗ್ಗೆ ಮಾತೇ ಆಡಲ್ಲ. ಉತ್ತರ ಕೊಡಬೇಕಾದ್ದು ಅಲ್ಲೇ. 1978ರಲ್ಲಿ ಸುಪ್ರೀಂ ಕೋರ್ಟ್ ಬಿಸ್ವನಾಥ್ ಪ್ರಸಾದ್ ರಾಧೇಶ್ಯಾಮ್ ಮತ್ತೆ ಹಿಂದುಸ್ತಾನ್ ಮೆಟಲ್ ಇಂಡಸ್ಟ್ರೀಸ್ ಕೇಸಲ್ಲಿ ಹೇಳಿದ್ದೂ ಇದಕ್ಕೇ ಹತ್ತಿರ. ಅದು ಪಾತ್ರೆಗಳನ್ನ ಲೇತಲ್ಲಿ ತಿರುಗಿಸುವಾಗ ಹಿಡ್ಕೊಳ್ಳೋ ಸಾಧನದ ಪೇಟೆಂಟು, ಅಂದ್ರೆ ಅದೂ ಒಂಥರಾ ಸಪೋರ್ಟಿನದ್ದೇ ಜಗಳ. ಹಳೇ ಭಾಗಗಳನ್ನ ಸೇರಿಸಿದ್ರೂ ಅವು ಒಂದಕ್ಕೊಂದು ಕೆಲಸದಲ್ಲಿ ಹೊಂದಿಕೊಂಡು ಹೊಸ ಅಥವಾ ಸುಧಾರಿಸಿದ ಫಲ ಕೊಟ್ರೆ ಪೇಟೆಂಟ್ ಸಿಗಬಹುದು, ಬರೀ ವರ್ಕ್‌ಶಾಪ್ ಸುಧಾರಣೆ ಆದ್ರೆ ಸಿಗಲ್ಲ ಅಂತ ಕೋರ್ಟ್ ಹೇಳ್ತು, ಹೇಳಿ ಆ ಪೇಟೆಂಟನ್ನ ಉಳಿಸಲಿಲ್ಲ. ಆ ಕೊನೆಯ ಭಾಗ ಬಿಟ್ಟು ಮೊದಲ ಭಾಗ ಮಾತ್ರ ಕೋಟ್ ಮಾಡೋರೇ ಜಾಸ್ತಿ.

ಸರಿ, ಹಿಡಿಯೋದು ಮತ್ತೆ ತಣ್ಣಗೆ ಮಾಡೋದು ಒಂದಕ್ಕೊಂದು ಹೇಗೆ ಗಂಟು ಬಿದ್ದಿವೆ? ಇದಕ್ಕೆ ಪೆನ್ನು ಹಿಡಿದು ಲೆಕ್ಕ ಹಾಕಬೇಕು. ಉಕ್ಕಿನ ತಗಡು ಒಂದು ಡಿಗ್ರಿ ಬಿಸಿಯಾದ್ರೆ ಮೀಟರಿಗೆ ಸುಮಾರು 12 ಮೈಕ್ರಾನ್ ಹಿಗ್ಗುತ್ತೆ. ಸ್ಟೇ ಉದ್ದ 300 ಮಿಲಿಮೀಟರ್, ಎರಡು ಗೋಡೆಗಳ ನಡುವೆ 30 ಮಿಲಿಮೀಟರ್. ಪೂರ್ತಿ ಸ್ಟೇ ಒಂದೇ ಸಮ ಬಿಸಿಯಾದ್ರೆ ಉದ್ದ ಆಗುತ್ತೆ ಅಷ್ಟೇ, ಅದೇನು ದೊಡ್ಡ ತೊಂದರೆ ಅಲ್ಲ. ಆದ್ರೆ ಫ್ಯೂಸರ್ ಕಡೆ ಗೋಡೆ ಎದುರಿನ ಗೋಡೆಗಿಂತ 10 ಡಿಗ್ರಿ ಜಾಸ್ತಿ ಬಿಸಿ ಇದ್ರೆ ಆ ಗೋಡೆ ಮಾತ್ರ ಜಾಸ್ತಿ ಹಿಗ್ಗಿ ಸ್ಟೇ ಬಿಲ್ಲಿನ ಹಾಗೆ ಬಾಗುತ್ತೆ. ಎಷ್ಟು ಅಂದ್ರೆ, 12 ಮೈಕ್ರಾನನ್ನ 10ರಿಂದ ಗುಣಿಸಿ, 30 ಮಿಲಿಮೀಟರಿಂದ ಭಾಗಿಸಿ, ಉದ್ದದ ವರ್ಗದಿಂದ ಗುಣಿಸಿ 8ರಿಂದ ಭಾಗಿಸಿದ್ರೆ ಮಧ್ಯದಲ್ಲಿ 45 ಮೈಕ್ರಾನ್ ಬರುತ್ತೆ. 600 ಡಿಪಿಐ (ಇಂಚಿಗೆ 600 ಚುಕ್ಕಿ) ಪ್ರಿಂಟರಲ್ಲಿ ಒಂದು ಚುಕ್ಕಿಯಿಂದ ಇನ್ನೊಂದಕ್ಕೆ 42 ಮೈಕ್ರಾನ್ ಚಿಲ್ಲರೆ! ಅಂದ್ರೆ ಕಪ್ಪು ಗೆರೆ ಹೆಚ್ಚುಕಮ್ಮಿ ಒಂದು ಚುಕ್ಕಿಯಷ್ಟು ಜರುಗಿತು, ಸ್ಕ್ಯಾನರ್ ವಾಲಿದ್ರೆ ಇನ್ನೂ ಜಾಸ್ತಿ, ಫ್ಯೂಸರಿಂದ ದೂರ ಇರೋ ಹಳದಿ ಮಜೆಂಟಾ ಸ್ಟೇ ಮಾತ್ರ ಇದ್ದಲ್ಲೇ ಇದೆ. ಬಣ್ಣಗಳು ಒಂದರ ಮೇಲೊಂದು ಸರಿಯಾಗಿ ಕೂರಲ್ಲ, ಅಕ್ಷರದ ಅಂಚಲ್ಲಿ ನೆರಳು ಕಾಣುತ್ತೆ. ದೊಡ್ಡ ಜಾಬ್ ಮಧ್ಯೆ ಕಲರ್ ಪ್ರಿಂಟರ್ ಇದ್ದಕ್ಕಿದ್ದಂಗೆ ನಿಂತು ಕ್ಯಾಲಿಬ್ರೇಶನ್ ಅಂತ ಗುರ್ ಅನ್ನೋದು ಇಂಥ ಜರುಗಾಟವನ್ನ ಸರಿ ಮಾಡ್ಕೊಳ್ಳೋಕೇ.

ವಿವರಣೆಯಲ್ಲಿ ಒಂದು ಪ್ಯಾರಾದಲ್ಲಿ ಎರಡು ಉಷ್ಣತೆ ಕೊಟ್ಟಿದ್ರು, ಗಾಳಿ ಇಲ್ಲದ ಸ್ಟೇಯಲ್ಲಿ ಗೋಡೆಗಳ ವ್ಯತ್ಯಾಸ 10 ಡಿಗ್ರಿ, ರೆಕ್ಕೆ ಮತ್ತೆ ಗಾಳಿ ಇದ್ರೆ 4 ಡಿಗ್ರಿ. 4 ಡಿಗ್ರಿಗೆ ಅದೇ ಲೆಕ್ಕ ಹಾಕಿದ್ರೆ 18 ಮೈಕ್ರಾನ್, ಅರ್ಧ ಚುಕ್ಕಿಗಿಂತ ಕಮ್ಮಿ. ಬಾಗೋ ಲೆಕ್ಕ ಅವರು ಬರೆದಿರಲಿಲ್ಲ, ಉಷ್ಣತೆ ಮತ್ತೆ ಅಳತೆ ಮಾತ್ರ ಬರೆದಿದ್ರು, ಅಷ್ಟೇ ಇಡೀ ಫೈಲನ್ನ ಉಳಿಸಿದ್ದು. ಸ್ಟೇ ನೆಟ್ಟಗೆ ನಿಂತಿರೋದೇ ಗಾಳಿಯಿಂದ, ಗಾಳಿಗೆ ಹಾದಿ ಕೊಟ್ಟಿರೋದು ಸ್ಟೇ. ತನ್ನ ಪಾಡಿಗೆ ತಾನು ಅನ್ನೋ ಷರತ್ತು ಇಲ್ಲಿ ಬಿದ್ದುಹೋಗುತ್ತೆ.

ಆದ್ರೆ 3(ಎಫ್) ದಾಟಿದ್ರೆ ಇನ್ವೆಂಟಿವ್ ಸ್ಟೆಪ್ ದಾಟಿದ ಹಾಗಲ್ಲ. ಉತ್ತರ ಕೊಟ್ಟ ಮೇಲೆ ಬಂದ ಹಿಯರಿಂಗ್ ನೋಟಿಸಲ್ಲಿ ಡಿ3 ಅಂತ ಹೊಸ ದಾಖಲೆ ಬಂತು, ಕಾಪಿಯರ್ ಒಂದರ ಟೊಳ್ಳು ಸ್ಟೇ, ಒಳಗೆ ವೈರ್ ಹಾರ್ನೆಸ್ ಹೋಗುತ್ತೆ, ತುದಿಗಳಲ್ಲಿ ಗಾಳಿ ಕಿಂಡಿ. ಕಂಟ್ರೋಲರ್ ಕೇಳಿದ ಪ್ರಶ್ನೆ ಚುರುಕಾಗಿತ್ತು: ನೀವು ಹೇಳೋ ಲೆಕ್ಕ ಯಾವ ಡಿಪ್ಲೊಮಾ ಹುಡುಗನೂ ಐದು ನಿಮಿಷದಲ್ಲಿ ಹಾಕ್ತಾನೆ, ಅಷ್ಟು ಸುಲಭ ಆದ್ರೆ ಹೊಳೆಯೋದೂ ಸುಲಭ ತಾನೆ?

ಅರ್ಜಿದಾರರ ಉತ್ತರ ಎರಡು ಭಾಗ. ಮೊದಲನೇದು, ಲೆಕ್ಕ ಸುಲಭ, ಆದ್ರೆ ಸ್ಟೇಯ ಎರಡು ಗೋಡೆ ಮಧ್ಯೆ ಇರೋ ವ್ಯತ್ಯಾಸವೇ ತೊಂದರೆ ಅಂತ ಮೂರು ದಾಖಲೆಯಲ್ಲೂ ಯಾರೂ ನೋಡಿಲ್ಲ. ಡಿ1 ಬಿಸಿ ತಡೆಯೋಕೆ ತಗಡು ಇಟ್ರು, ಡಿ2 ಟೋನರ್ ಕಾಪಾಡಿದ್ರು, ಡಿ3 ವೈರಿಗೆ ಜಾಗ ಮಾಡಿದ್ರು. ಇದು ಪರವಾಗಿಲ್ಲ ಅನ್ನೋ ಮಟ್ಟದ ವಾದ, ಒಂದೇ ಇದ್ದಿದ್ರೆ ನಾನು ಕಂಟ್ರೋಲರ್ ಆಗಿದ್ರೂ ಒಪ್ತಿರಲಿಲ್ಲ.

ಎರಡನೇದು ಆ ಎರಡು ಮಿಲಿಮೀಟರ್. ಸ್ಟೇಯನ್ನ ಗಟ್ಟಿ ಮಾಡೋ ಎಂಜಿನಿಯರ್ ಆಗಿದ್ರೆ ರೆಕ್ಕೆಗಳನ್ನ ಎದುರಿನ ಗೋಡೆಗೂ ವೆಲ್ಡ್ ಮಾಡಿಬಿಡ್ತಾನೆ, ಪೆಟ್ಟಿಗೆ ಇನ್ನೂ ಬಿಗಿಯಾಗುತ್ತೆ. ತಣ್ಣಗೆ ಮಾಡೋ ಎಂಜಿನಿಯರ್ ಆಗಿದ್ರೆ ಅವನೂ ರೆಕ್ಕೆಯನ್ನ ಪೂರ್ತಿ ಅಗಲಕ್ಕೆ ಎಳೀತಾನೆ, ಗಾಳಿಗೆ ತಾಗೋ ಮೈ ಜಾಸ್ತಿ ಆದಷ್ಟೂ ಒಳ್ಳೇದು ಅಂತ. ಇಬ್ಬರೂ ಒಂದೇ ಕಡೆ ಹೋಗ್ತಾರೆ, ಮುಟ್ಟಿಸು ಅಂತ. ಮುಟ್ಟಿಸಿದ್ರೆ ಏನಾಗುತ್ತೆ, ಫ್ಯೂಸರ್ ಕಡೆ ಬಿಸಿ ರೆಕ್ಕೆ ಮೂಲಕ ನೇರವಾಗಿ ಸ್ಕ್ಯಾನರ್ ಕೂರೋ ಗೋಡೆಗೇ ಹೋಗುತ್ತೆ, ಆ ಗೋಡೆಗೇ ಸ್ಕ್ಯಾನರಿನ ಸೀಟುಗಳು, ಪ್ಲಾಸ್ಟಿಕ್ ಡಬ್ಬ, ಒಳಗೆ ಲೆನ್ಸು, ಕನ್ನಡಿ. ಸ್ಟೇ ಬಾಗೋದು ಕಮ್ಮಿಯಾದ್ರೂ ಸ್ಕ್ಯಾನರೇ ಬಿಸಿಯಾಗಿ ಕೂರುತ್ತೆ. ಸ್ವಲ್ಪ ಬಿಗಿ ಬಿಟ್ಟುಕೊಟ್ಟು, ಸ್ವಲ್ಪ ತಂಪೂ ಬಿಟ್ಟುಕೊಟ್ಟು ಮಧ್ಯೆ ಸಂದು ಇಟ್ಟಿದಾರಲ್ಲ, ಅದು ರೂಢಿಯ ದಾರಿಗೆ ಉಲ್ಟಾ. ಡಿ1, ಡಿ2, ಡಿ3 ಮೂರನ್ನೂ ಒಂದೇ ಟೇಬಲ್ ಮೇಲೆ ಇಟ್ಟು ಎಷ್ಟೇ ಜೋಡಿಸಿದ್ರೂ ಈ ಸಂದು ಹುಟ್ಟಲ್ಲ.

ಹಾಗಾಗಿ ಕ್ಲೇಮ್ 1ಕ್ಕೆ ರೆಕ್ಕೆ, ಸಂದು, ಎದುರುಬದುರು ಗೋಡೆ ಎಲ್ಲಾ ಸೇರಿಸಿ ತಿದ್ದಿದ್ರು. ತಿದ್ದೋಕೆ ಸೆಕ್ಷನ್ 59 ಅಡ್ಡ ಬರುತ್ತೆ. ಡಿಸ್‌ಕ್ಲೇಮರ್ (ಹಕ್ಕಿನ ಒಂದು ಭಾಗ ಬಿಟ್ಟುಕೊಡೋದು), ಕರೆಕ್ಷನ್ ಅಥವಾ ಸ್ಪಷ್ಟೀಕರಣದ ರೂಪದಲ್ಲಿ ಮಾತ್ರ ತಿದ್ದಬೇಕು, ಮೊದಲೇ ಹೇಳದೇ ಇರೋದನ್ನ ತುರುಕಬಾರದು, ಹಳೇ ಕ್ಲೇಮಿನ ವ್ಯಾಪ್ತಿ ಮೀರಬಾರದು. ವ್ಯಾಪ್ತಿ ಕಿರಿದಾಗಿದೆ, ಅದರಲ್ಲಿ ತಕರಾರಿಲ್ಲ. ಸಂದು ಎಲ್ಲಿ ಹೇಳಿದೀರ ಅಂತ ಕಂಟ್ರೋಲರ್ ಕೇಳಿದಾಗ ತೋರಿಸೋಕೆ ಇದ್ದಿದ್ದು ಆ ಒಂದು ಸಾಲು, ರೆಕ್ಕೆಯ ತುದಿ ಎದುರಿನ ಗೋಡೆಯಿಂದ ಬೇರೆಯಾಗಿ ನಿಲ್ಲುತ್ತೆ ಅಂತ, ಮತ್ತೆ ಅಡ್ಡ ಕೊಯ್ದು ತೋರಿಸಿರೋ ಚಿತ್ರ. ಎರಡು ಮಿಲಿಮೀಟರ್ ಅಂತ ಬರೆದಿದ್ದು ಒಂದು ಉದಾಹರಣೆಯಾಗಿ ಮಾತ್ರ, ಹಾಗಾಗಿ ಕ್ಲೇಮಲ್ಲಿ ಅಳತೆ ಹಾಕದೇ ಮುಟ್ಟದೇ ನಿಲ್ಲುತ್ತೆ ಅಂತಷ್ಟೇ ಹಾಕಿದ್ರು. ಆ ಸಾಲು ಇಲ್ಲದೇ ಬರೀ ಚಿತ್ರ ಇದ್ದಿದ್ರೆ ಚಿತ್ರದ ಅಳತೆ ನಂಬೋಕಾಗಲ್ಲ ಅನ್ನೋ ಮಾತು ಬರ್ತಿತ್ತು, ಕಷ್ಟ ಇತ್ತು. ಗ್ರಾಂಟ್‌ಗೆ (ಪೇಟೆಂಟ್ ಮಂಜೂರಾತಿಗೆ) ಮುಂಚಿನ ತಿದ್ದುಪಡಿಯನ್ನ ಸ್ವಲ್ಪ ಉದಾರವಾಗಿ ನೋಡಬೇಕು ಅಂತ ದೆಹಲಿ ಹೈಕೋರ್ಟ್ 2022ರ ನಿಪ್ಪಾನ್ ಎ ಅಂಡ್ ಎಲ್ ತೀರ್ಪಲ್ಲಿ ಹೇಳಿದೆ, ಅದನ್ನ ಒಂದೇ ಪ್ಯಾರಾದಲ್ಲಿ ಸೇರಿಸಿದ್ರು, ಸಾಕು.

ಹಿಯರಿಂಗ್ ಆದ 15 ದಿನದಲ್ಲಿ ಲಿಖಿತ ಉತ್ತರ ಹೋಗಬೇಕು. ಅದರಲ್ಲಿ ಬಾಗೋ ಲೆಕ್ಕ ಅರ್ಧ ಪುಟ, ಮೂರು ದಾಖಲೆಗಳಲ್ಲಿ ರೆಕ್ಕೆ ಸಂದು ಇಲ್ಲ ಅನ್ನೋದು ಅರ್ಧ ಪುಟ, ತಿದ್ದಿದ ಕ್ಲೇಮು. ಕೋರ್ಟ್ ತೀರ್ಪು ಎರಡೇ. ಒಂದು ವೇಳೆ ರಿಜೆಕ್ಟ್ ಆಗಿದ್ರೂ ಕಾರಣ ಬರೀಲೇಬೇಕಿತ್ತು. ಹಳೇ ದಾಖಲೆ ಏನು, ಇನ್ವೆನ್ಷನ್ ಏನು, ಒಂದರಿಂದ ಇನ್ನೊಂದಕ್ಕೆ ಪರಿಣತನೊಬ್ಬ ಹೇಗೆ ಬರ್ತಾನೆ ಅಂತ ಬಿಡಿಸಿ ಹೇಳದೇ ಇನ್ವೆಂಟಿವ್ ಸ್ಟೆಪ್ ಇಲ್ಲ ಅನ್ನೋ ಹಾಗಿಲ್ಲ ಅಂತ ಅಗ್ರಿಬೋರ್ಡ್ ಕೇಸಲ್ಲಿ ಅದೇ ಹೈಕೋರ್ಟ್ 2022ರಲ್ಲೇ ಹೇಳಿಯಾಗಿದೆ. ಚೆನ್ನೈ ಆಫೀಸಿನ ಆದೇಶದ ಮೇಲೆ ಅಪೀಲು ಅಂದ್ರೆ ಮದ್ರಾಸ್ ಹೈಕೋರ್ಟಿಗೆ, 2021ರಲ್ಲಿ ಐಪಿಎಬಿ ಟ್ರಿಬ್ಯೂನಲ್ ಮುಚ್ಚಿದ ಮೇಲೆ ಅಪೀಲುಗಳೆಲ್ಲಾ ಹೈಕೋರ್ಟುಗಳಿಗೇ ಹೋಗೋದು.

ಪಾಠದ ಫೈಲಲ್ಲಿ ನಾನು ಗ್ರಾಂಟ್ ಕೊಟ್ಟಿದೀನಿ. ಅಗಲ ಕ್ಲೇಮಿಗೆ ಕೊಡಬಾರದಿತ್ತು, ಈ ಕಿರಿದು ಕ್ಲೇಮಿಗೆ ಕೊಡಬೇಕಿತ್ತು ಅನ್ನೋದರಲ್ಲಿ ನನಗೆ ಅನುಮಾನ ಇಲ್ಲ. ಕ್ಲಾಸಲ್ಲಿ ಒಬ್ಬ ಹುಡುಗ ಕೇಳ್ದ, ಸರ್, ಹಾಗಾದ್ರೆ ಬೇರೆ ಕಂಪನಿಯವ್ರು ರೆಕ್ಕೆ ಮುಟ್ಟಿಸಿಬಿಟ್ರೆ? ಮುಟ್ಟಿಸಿದ್ರೆ ಕ್ಲೇಮಿಂದ ಆಚೆ, ಆದ್ರೆ ಅವರ ಸ್ಕ್ಯಾನರ್ ಬಿಸಿಯಾಗುತ್ತೆ. ರೆಕ್ಕೆ ತುದಿಗೆ ಸಣ್ಣ ಪ್ಲಾಸ್ಟಿಕ್ ಟೋಪಿ ಹಾಕಿ ಅದನ್ನ ಗೋಡೆಗೆ ಆನಿಸಿದ್ರೆ? ಆಗ ಜಗಳ ಶುರು, ತಗಡಿನ ರೆಕ್ಕೆ ಮುಟ್ಟಿಲ್ಲ ಅಂತ ಪೇಟೆಂಟ್ ಇರೋರು, ಟೋಪಿ ಸಮೇತ ಸೇರಿಸಿದ್ರೆ ಮುಟ್ಟಿದೆ ಅಂತ ಆ ಬೇರೆ ಕಂಪನಿಯವ್ರು. ಬಿಸಿ ದಾಟದ ಹಾಗೆ ಬೇರೆಯಾಗಿ ಅಂತ ಒಂದು ಮಾತು ಕ್ಲೇಮಲ್ಲಿ ಸೇರಿಸಿದ್ರೆ ಈ ಜಗಳದ ದಾರಿಯನ್ನ ಮುಚ್ಚಬಹುದಿತ್ತಾ ಅಂದ್ರೆ, ಬಹುಶಃ ಹೌದು, ಆದ್ರೆ ವಿವರಣೆಯಲ್ಲಿ ಆ ಮಾತು ಇಲ್ಲದೇ ಸೇರಿಸೋಕೆ ಹೋದ್ರೆ ಸೆಕ್ಷನ್ 59ರಲ್ಲಿ ಮತ್ತೆ ಸಿಕ್ಕಾಕೊಳ್ತಾರೆ.

ಉಳಿದದ್ದು ಫ್ಯಾನ್ ಸ್ಪೀಡಿನ ಆ ಮೂರು ಕ್ಲೇಮು. ಎಫ್‌ಇಆರ್ ಉತ್ತರದಲ್ಲೇ ಅವನ್ನ ತೆಗೆದುಹಾಕಿದ್ರು. ಸೆಕ್ಷನ್ 16ರಲ್ಲಿ ಡಿವಿಜನಲ್ ಅರ್ಜಿ, ಅಂದ್ರೆ ಮೂಲದಿಂದ ಬೇರೆ ಮಾಡಿದ ಅರ್ಜಿ, ಹಾಕಬಹುದಿತ್ತು, ಆದ್ರೆ ಅದು ಮೂಲ ಅರ್ಜಿಗೆ ಗ್ರಾಂಟ್ ಆಗೋಕೆ ಮುಂಚೆನೇ ಆಗಬೇಕು, ಆಮೇಲೆ ಬಾಗಿಲು ಹಾಕಿದ ಹಾಗೇ. ಹೊಸ ಅರ್ಜಿ ಫೀಸು, ಮತ್ತೆ ಫಾರ್ಮ್ 18ಕ್ಕೆ ದೊಡ್ಡ ಕಂಪನಿಗೆ 20,000, ಅದರ ಮೇಲೆ 3(ಕೆ) ಜಗಳ ಬೇರೆ. ಫ್ಯಾನ್ ನಿಲ್ಲೋ ಟೈಮ್ ಎಲ್ಲಾ ಫರ್ಮ್‌ವೇರಲ್ಲಿ ಒಂದು ಸಾಲು ಬದಲಾಯಿಸಿದ್ರೆ ಮುಗೀತು, ಯಾರು ನಕಲು ಮಾಡಿದ್ರು ಅಂತ ಹೊರಗಿಂದ ಹಿಡಿಯೋದೂ ಕಷ್ಟ. ಅರ್ಜಿದಾರರು ಬೇಡ ಅಂದ್ರು, ನಾನಾಗಿದ್ರೂ ಬೇಡ ಅಂತಾನೇ ಹೇಳ್ತಿದ್ದೆ.